ಎರಡು ಗುಂಡಿಯ ವಾಚು

ಡೊಂಬಿವಲಿ ಪೂರ್ವದ ಪ್ರೇಮನಾಥರ ಮನೆಗೆ ಹೋದವರು ಚಹಾ ಬರುವ ಮೊದಲು ವಾಚುಗಳನ್ನು ನೋಡಲೇಬೇಕು. ಅದು ಅವರ ಹೆಂಡತಿ ಜಯಲತಾ ಮಾಡಿದ ಕಾನೂನು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಹನ್ನೊಂದು ವಾಚುಗಳಿವೆ. ಹತ್ತಕ್ಕೆ ರಸೀದಿ ಇದೆ, ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾರೆ. ಹನ್ನೊಂದನೆಯದು ಹಳೆಯ ಸ್ವಿಸ್ ಕ್ರೋನೋಗ್ರಾಫ್. ಬಿಳಿ ಮುಖದೊಳಗೆ ಎರಡು ಪುಟ್ಟ ಮುಖ, ಬದಿಯಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದ ಮುಳ್ಳು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಹನ್ನೆರಡಕ್ಕೆ ಮರಳಿ ಕೂರುತ್ತದೆ. ಇದಕ್ಕೆ ರಸೀದಿ ಇಲ್ಲ, ಕಥೆ ಇದೆ. ಕಥೆ ಹೇಳುವ ಅಧಿಕಾರವೂ ಜಯಲತಾರದೇ.

ಪ್ರೇಮನಾಥರು ಮುಂಬೈ ಪಕ್ಕದ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದಾಗ, ಇವರ ಪ್ರಾಮಾಣಿಕತೆಗೆ ಮೆಚ್ಚಿ ಶಾಲೆಯ ಆಟದ ಮಾಸ್ತರರೊಬ್ಬರು ತಮ್ಮ ಕೈಯಿಂದಲೇ ಬಿಚ್ಚಿ ಕೊಟ್ಟರಂತೆ. ಹೆಣ್ಣು ನೋಡಲು ಬಂದ ದಿನ ಇವರ ಕೈಯಲ್ಲಿ ಅದೇ ಇತ್ತು. “ನಾನು ಇವರ ಮುಖ ನೋಡ್ಲೇ ಇಲ್ಲ, ವಾಚು ನೋಡಿ ಒಪ್ಪಿದ್ದು” ಎಂದು ಜಯಲತಾ ನಗುವ ಹೊತ್ತಿಗೆ ಪ್ರೇಮನಾಥರು ಎದ್ದು ಫ್ಯಾನಿನ ಸ್ಪೀಡು ಸರಿಮಾಡಲು ಹೋಗುತ್ತಾರೆ. ಮೂವತ್ತೈದು ವರ್ಷದಿಂದ ಆ ಫ್ಯಾನು ಸರಿಹೋಗಿಲ್ಲ.

ನಡೆದದ್ದು ಬೇರೆ. ಹೋಟೆಲಿಗೆ ಬಂದವರು ಕೈ ತೊಳೆಯುವಾಗ ವಾಚು ಬಿಚ್ಚಿ ಬೇಸಿನ್ ಮೇಲಿಟ್ಟು ಮರೆಯುವುದು ಮಾಮೂಲು. ಸಿಕ್ಕಿದ್ದನ್ನು ವೇಟರ್ ಕ್ಯಾಶ್ ಕೌಂಟರಿಗೆ, ಅಂದರೆ ಗಲ್ಲೆಗೆ ತಂದುಕೊಡಬೇಕು, ಕ್ಯಾಶಿಯರ್ ನೋಟುಬುಕ್ಕಿನಲ್ಲಿ ಬರೆದು ಡ್ರಾಯರಿನಲ್ಲಿಡಬೇಕು. ಆ ಗುರುವಾರ ಮುಂಡಪ್ಪ ಎಂಬ ವೇಟರ್ ಈ ವಾಚನ್ನು ತನ್ನ ಪಂಚೆಯ ಅಂಚಿನಲ್ಲಿ ಒರೆಸಿ ಪ್ರೇಮನಾಥರ ಕೈಗೆ ಕೊಟ್ಟ. ಪ್ರೇಮನಾಥರು ಬರೆಯಲಿಲ್ಲ. ಭಾನುವಾರ ಹೆಣ್ಣು ನೋಡಲು ಹೋಗುವುದಿತ್ತು, ಕೈ ಬರಿದಾಗಿತ್ತು. ಒಂದು ದಿನ ಕಟ್ಟಿಕೊಂಡು ಸೋಮವಾರ ಬರೆದರಾಯಿತು ಎಂದುಕೊಂಡರು. ಮಾಸ್ತರರು ಶನಿವಾರವೇ ಬಂದು ಕೇಳಿದರು. “ಇಲ್ಲ ಸರ್, ಸಿಕ್ಕಿಲ್ಲ” ಎಂಬ ಮಾತು ಚಿಲ್ಲರೆ ಎಣಿಸಿಕೊಟ್ಟಷ್ಟು ಸಲೀಸಾಗಿ ಬಾಯಿಂದ ಬಂತು.

ಮಾಸ್ತರರು ಮೂರನೆಯ ಸಲ ಬಂದಾಗ ಧಣಿಗಳು ಎಲ್ಲರನ್ನೂ ಕರೆಸಿದರು. ಗಲ್ಲೆಗೆ ಕೊಟ್ಟಿದ್ದೇನೆ ಎಂದ ಮುಂಡಪ್ಪ. ನನ್ನ ಕೈಗೆ ಕೊಟ್ಟಿಲ್ಲ ಎಂದರು ಪ್ರೇಮನಾಥರು. ಪ್ರೇಮನಾಥರು ಧಣಿಗಳಿಗೆ ದೂರದ ಸಂಬಂಧಿ, ಮುಂಡಪ್ಪ ಯಾರಿಗೂ ಏನೂ ಅಲ್ಲ. ಅಂದೇ ಸಂಜೆ ಅವನು ಹಾಸಿಗೆ ಸುತ್ತಿಕೊಂಡು ಹೊರಟ. ಬೈಯಲಿಲ್ಲ, ಶಾಪ ಹಾಕಲಿಲ್ಲ. ಗಲ್ಲೆಯ ಮುಂದೆ ನಿಂತು, “ಹೆಣ್ಣು ಒಪ್ಪಿತಾ?” ಎಂದು ಮಾತ್ರ ಕೇಳಿದ.

ಪ್ರೇಮನಾಥರ ವಾಚಿನ ಹುಚ್ಚಿನ ಮೂಲ ಇದು. ಒಂದೇ ವಾಚಿದ್ದರೆ ನೋಡಿದವರು ಎಲ್ಲಿಂದ ಬಂತೆಂದು ಕೇಳುತ್ತಾರೆ, ಹನ್ನೊಂದಿದ್ದರೆ ಶೋಕಿ ಎನ್ನುತ್ತಾರೆ. ಹತ್ತು ವಾಚುಗಳನ್ನು ಬೆವರಿನ ದುಡ್ಡಿನಿಂದ ಕೊಂಡು ಒಂದರ ಸುತ್ತ ಬೇಲಿ ಹಾಕಿದರು. ಆದರೆ ಪಾಪಿ ಮನಸ್ಸಿಗೆ ಪ್ರೀತಿಯೂ ಆ ಒಂದರ ಮೇಲೆಯೇ. ದಿನಾ ಬೆಳಗ್ಗೆ ಅದಕ್ಕೆ ಮಾತ್ರ ತಾವೇ ಕೀಲಿ ಕೊಡುತ್ತಿದ್ದರು, ಕಿವಿಗಿಟ್ಟು ಕೇಳುತ್ತಿದ್ದರು.

ಈ ವರ್ಷ ಮಗ ಸಮಿತ್‌ನಿಗೆ ಕಲ್ಯಾಣದ ಪ್ರಣೀತಾ ಜೊತೆ ಸಂಬಂಧ ಕುದುರಿತು. ನಿಶ್ಚಿತಾರ್ಥಕ್ಕೆ ಪಪ್ಪನ ಲಕ್ಕಿ ವಾಚನ್ನೇ ಕಟ್ಟುವುದೆಂದು ಅವನು ಸಾರಿಬಿಟ್ಟ. ಪ್ರೇಮನಾಥರು ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ತಾನು ಕಟ್ಟಿಕೊಂಡಾಗ ಕಳ್ಳ ತಾನೊಬ್ಬನೇ. ಅದನ್ನು ಮಗನ ಕೈಗೆ ಕಟ್ಟಿ ಹೊಸ ಹೆಣ್ಣಿನ ಮುಂದೆ ನಿಲ್ಲಿಸುವುದೆಂದರೆ ಏನು? ನಿಜ ಹೇಳುವ ಧೈರ್ಯವಿಲ್ಲ. ಉಳಿದದ್ದು ಒಂದೇ ದಾರಿ. ವಾಚನ್ನು ರಿಪೇರಿಗೆ ಕೊಟ್ಟಿದ್ದೇನೆಂದು ಮನೆಯಲ್ಲಿ ಹೇಳಿ, ಮೊಬೈಲಿನಲ್ಲಿ ಮಾರಾಟದ ಜಾಹೀರಾತು ಹಾಕಿದರು.

ಎರಡೇ ದಿನದಲ್ಲಿ ಫೋನು ಬಂತು. ಹೆಸರು ಸುಪ್ರೀತ್, ಬೆಂಗಳೂರಿನವನು, ಐರೋಲಿಯಲ್ಲಿ ಕೆಲಸ, ಹಳೆಯ ವಾಚು ಕೂಡಿಹಾಕುವ ಹವ್ಯಾಸ. ಕನ್ನಡದವನು ಎಂದು ಪ್ರೇಮನಾಥರಿಗೆ ಅರ್ಧ ಸಮಾಧಾನವಾಯಿತು. ಠಾಣೆ ಸ್ಟೇಷನ್ ಹೊರಗೆ ಸಿಗುವುದೆಂದು ಮಾತಾಯಿತು.

ಲೋಕಲ್ ಟ್ರೇನು ಡೊಂಬಿವಲಿ ದಾಟಿ ದಿವಾ ಸ್ಟೇಷನ್ ತಲುಪುವಾಗ ಪ್ರೇಮನಾಥರು ಎಂದಿನಂತೆ ಮುಖ ಒಳಗೆ ತಿರುಗಿಸಿದರು. ಆರು ವರ್ಷದ ಹಿಂದೆ ಟ್ರೇನು ಬದಲಿಸಲು ಅಲ್ಲಿ ಇಳಿದಿದ್ದಾಗ, ಸೇತುವೆಯ ಬುಡದಲ್ಲಿ ಇಡ್ಲಿ ಗಾಡಿ ಹಾಕಿಕೊಂಡಿದ್ದ ಮುಂಡಪ್ಪನನ್ನು ಕಂಡಿದ್ದರು. ಕೂದಲು ಬೆಳ್ಳಗಾಗಿತ್ತು, ಆದರೆ ತಟ್ಟೆ ಒರೆಸುವ ರೀತಿ ಅದೇ. ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡು, ಆಗ ಬಂದ ಟ್ರೇನು ಹತ್ತಿದ್ದರು. ಆಮೇಲೆ ದಿವಾದಲ್ಲಿ ಇಳಿದದ್ದಿಲ್ಲ.

ಸುಪ್ರೀತ್ ವಾಚನ್ನು ತಿರುಗಿಸಿ ನೋಡಿ, ಗುಂಡಿ ಒತ್ತಿ, ಹೇಳಿದ ಬೆಲೆಯನ್ನೇ ಕೊಟ್ಟ. ಚೌಕಾಸಿ ಮಾಡಲಿಲ್ಲ. ಆಮೇಲೆ ಏನೋ ನೆನಪಾದವನಂತೆ ಒಂದು ಹಾಳೆ ಚಾಚಿದ.

“ಅಂಕಲ್, ಇದು ನಿಮ್ಮ ಹತ್ರ ಹೇಗೆ ಬಂತು ಅಂತ ನಾಲ್ಕು ಸಾಲು ಬರ್ಕೊಡಿ. ಕಲೆಕ್ಟರ್ಸ್ ಅದನ್ನ ವಾಚಿನ ಜೊತೆಗೇ ಇಡ್ತಾರೆ.”

ಪ್ರೇಮನಾಥರು ಜಯಲತಾರ ಕಥೆಯನ್ನು ಬರೆಯಲು ಹೊರಟರು. ‘ಪ್ರಾಮಾಣಿಕತೆಗೆ’ ಎಂಬಲ್ಲಿ ಪೆನ್ನು ನಿಂತಿತು. ಎದುರಿಗಿದ್ದವನು ಪರಿಚಯದವನಲ್ಲ, ಇನ್ನು ಹತ್ತು ನಿಮಿಷಕ್ಕೆ ಐರೋಲಿಯ ಗಾಡಿ ಹತ್ತಿ ಹೋಗುವವನು. ಅದನ್ನು ಹೊಡೆದುಹಾಕಿ ಬರೆದರು: ಇದು ನನ್ನದಲ್ಲ. ಠಾಣೆಯ ಹೋಟೆಲಿನ ಬೇಸಿನ್ ಮೇಲೆ ಒಬ್ಬ ಮಾಸ್ತರರು ಮರೆತದ್ದು. ಮುಂಡಪ್ಪ ನನ್ನ ಕೈಗೇ ಕೊಟ್ಟಿದ್ದ. ಕೊಟ್ಟಿಲ್ಲ ಎಂದು ನಾನು ಸುಳ್ಳು ಹೇಳಿ ಅವನ ಕೆಲಸ ಕಳೆದೆ. ಕೆಳಗೆ ಸಹಿ ಹಾಕಿದರು. ಸುಪ್ರೀತ್ ಓದುವ ಗೋಜಿಗೆ ಹೋಗದೆ ಹಾಳೆ ಮಡಚಿ ಡಬ್ಬಿಯೊಳಗಿಟ್ಟ. ಮರಳುವಾಗ ಪ್ರೇಮನಾಥರಿಗೆ ಎದೆ ಹಗುರಾಯಿತಂತೆ. ಗುರುತಿಲ್ಲದವನಿಗೆ ಬರೆದುಕೊಟ್ಟು ಹಗುರಾಗುವುದು ಎಂಥ ದೊಡ್ಡ ಸಾಹಸವೋ ದೇವರಿಗೇ ಗೊತ್ತು.

ನಿಶ್ಚಿತಾರ್ಥ ಕಲ್ಯಾಣದ ಒಂದು ಹಾಲ್‌ನಲ್ಲಿ, ಭಾನುವಾರ ಬೆಳಗ್ಗೆ. ಉಂಗುರ ಬದಲಾಯಿಸುವ ಮೊದಲು ಸಮಿತ್ ಎದ್ದು ತಂದೆಯ ಬಳಿ ಬಂದ. ಅವನ ಹಿಂದೆ ನಗುತ್ತ ನಿಂತಿದ್ದವನು ಸುಪ್ರೀತ್. ಇಬ್ಬರೂ ಒಂದೇ ಆಫೀಸಿನವರು. ತಂದೆಯ ಜಾಹೀರಾತು ಮಗನ ಮೊಬೈಲಿಗೇ ಬಂದು ಬಿದ್ದಿತ್ತು. ಹಾಲ್ ಬಾಡಿಗೆಗೆಂದು ಪಪ್ಪ ಪ್ರಾಣದಂಥ ವಾಚು ಮಾರುತ್ತಿದ್ದಾರೆಂದು ತಾಯಿಮಗ ಕಣ್ಣೀರು ಹಾಕಿ, ಗೆಳೆಯನಿಗೆ ಕಲೆಕ್ಟರ್ ವೇಷ ಹಾಕಿಸಿ ಕಳಿಸಿದ್ದರು. ಕಲೆಕ್ಟರುಗಳು ಏನೇನು ಕೇಳುತ್ತಾರೆಂದು ಅವನು ಇಂಟರ್‌ನೆಟ್ಟಿನಲ್ಲಿ ನೋಡಿಕೊಂಡು ಬಂದಿದ್ದ.

“ಪಪ್ಪಾ, ಆಪ್‌ಕೀ ಘಡಿ. ಹಮ್‌ನೇ ಬಿಕ್‌ನೇ ನಹೀ ದೀ” ಎಂದು ಸಮಿತ್ ಡಬ್ಬಿ ತೆರೆದ. ಪಪ್ಪನ ವಾಚನ್ನು ಮಾರಿಹೋಗಲು ಬಿಡದ ಮಗನಿಗೆ ಬೀಗರೆಲ್ಲ ಚಪ್ಪಾಳೆ ತಟ್ಟಿದರು. ಡೊಂಬಿವಲಿಯಲ್ಲಿ ಹುಟ್ಟಿದ ಹುಡುಗ, ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಮಡಚಿದ ಹಾಳೆಯನ್ನು ತಾಯಿಯ ಕೈಗೆ ಕೊಟ್ಟು, ಜೋರಾಗಿ ಓದು, ಎಲ್ಲರೂ ಕೇಳಲಿ ಎಂದ.

ಪ್ರೇಮನಾಥರು ಕೈ ಚಾಚುವ ಮೊದಲೇ ಜಯಲತಾ ಹಾಳೆ ಬಿಡಿಸಿದರು. ಮೊದಲ ಸಾಲಿಗೆ ನಗು ನಿಂತಿತು. ನಾಲ್ಕನೆಯದಕ್ಕೆ ಬರುವಾಗ ಕಿವಿಯವರೆಗೆ ಕೆಂಪೇರಿತ್ತು. ಗಂಡನ ಕಡೆ ನೋಡಲಿಲ್ಲ.

“ಅಕ್ಷರ ಸಣ್ಣದುಂಟು. ನಾನು ಕನ್ನಡಕ ತರ್ಲಿಲ್ಲ” ಎಂದರು. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಸಮಿತ್ ವಾಚು ಕಟ್ಟಿಕೊಳ್ಳಲು ಕೈ ಮುಂದೆ ಮಾಡಿದ. ಜಯಲತಾ ಅದನ್ನು ತೆಗೆದುಕೊಂಡು, ಪಟ್ಟಿ ಸಡಿಲವಾಗಿದೆ, ಇವತ್ತು ಬೇಡ ಎಂದು ತಮ್ಮ ಪರ್ಸಿನೊಳಗೆ ಹಾಕಿ ಜಿಪ್ ಎಳೆದರು. ಮೂವತ್ತೈದು ವರ್ಷ ಗಂಡನ ಪ್ರಾಮಾಣಿಕತೆಯ ಕಥೆಯನ್ನು ಊರೆಲ್ಲ ಹೇಳಿಕೊಂಡು ಬಂದ ಹೆಂಗಸು, ಗಂಡನ ಮಾನಕ್ಕಾಗಿ ಅಷ್ಟು ಜನರ ಮುಂದೆ ತಾನೂ ಸುಳ್ಳು ಹೇಳಬೇಕಾಗಿ ಬಂತು. ಅದನ್ನು ನೋಡುತ್ತ ನಿಲ್ಲುವುದಕ್ಕಿಂತ ದೊಡ್ಡ ನಾಚಿಕೆ ಪ್ರೇಮನಾಥರಿಗೆ ಇರಲಿಲ್ಲ.

ಊಟವಾದ ಮೇಲೆ ಮಗನನ್ನೂ ಸಾಮಾನನ್ನೂ ಕಾರಿನಲ್ಲಿ ಕಳಿಸಿ, ನಾವಿಬ್ಬರು ಟ್ರೇನಿನಲ್ಲಿ ಬರುತ್ತೇವೆ ಎಂದರು ಜಯಲತಾ. ಮಧ್ಯಾಹ್ನದ ಸ್ಲೋ ಲೋಕಲ್ ಖಾಲಿಯಿತ್ತು. ಠಾಕುರ್ಲಿ ಸ್ಟೇಷನ್ ದಾಟಿತು. ಆಮೇಲೆ ಆಕೆ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದರು.

“ಆ ಮುಂಡಪ್ಪ ಬದುಕಿದ್ದಾರಾ? ಎಲ್ಲಿದ್ದಾರೆ, ಗೊತ್ತುಂಟಾ ನಿಮಗೆ?”

ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪ್ರೇಮನಾಥರು ಅದನ್ನು ನುಂಗಿಕೊಂಡರು.

“ಉಂಟು. ದಿವಾದಲ್ಲಿ.”

ಡೊಂಬಿವಲಿ ಬಂತು. ಪ್ರೇಮನಾಥರು ಅಭ್ಯಾಸಬಲದಿಂದ ಎದ್ದು ನಿಂತರು. ಜಯಲತಾ ಪರ್ಸನ್ನು ಮಡಿಲಲ್ಲಿ ಹಿಡಿದು ಕೂತಲ್ಲೇ ಕೂತಿದ್ದರು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಗಾಡಿ ಹೊರಟಿತು. ಪ್ರೇಮನಾಥರು ಮತ್ತೆ ಅವರ ಪಕ್ಕದಲ್ಲಿ ಕೂತರು.