ಅರ್ಧಕ್ಕೇ ನಿಂತ ಹೆಸರು

ಉತ್ತರದ ತಮಾಲೆ ಊರಿನ ವುಂಪಿನಿಗೆ ಹಾಡುಗಾರ ಎಂಬ ಹೆಸರು ಬಂದು ಎಷ್ಟೋ ವರ್ಷವಾಗಿತ್ತು, ಹಾಡು ಕೇಳುವವರು ಮಾತ್ರ ಬಂದಿರಲಿಲ್ಲ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಡೆದ ಗಾಜು ಬದಲಿಸುವುದು ಅವನ ಹೊಟ್ಟೆಪಾಡು. ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಹಳೇ ಹಾಸಿಗೆ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದ. ಬಿಡುವಾದಾಗಲೆಲ್ಲ ಅಲ್ಲಿ ಸೆಕೆಯಲ್ಲಿ ಬೇಯುತ್ತ ತನ್ನವರ ದಗ್ಬಾನಿ ಮಾತಿನಲ್ಲೇ ರ‍್ಯಾಪ್ ಕಟ್ಟುತ್ತಿದ್ದ. ಹಿಪ್‌ಹಾಪ್ ತಾಳದ ಕೆಳಗೆ ಊರಿನ ವಾದ್ಯವೇ ಇರಬೇಕು ಎಂಬುದು ಅವನ ಹಟ.

ಆ ಹಟವೇ ಅವನಿಗೆ ಮುಳುವಾಯಿತು. ರಾಜಧಾನಿ ಆಕ್ರಾದ ಹಾಡಿನ ಕಂಪನಿಯವರು ಕೇಳಿ, ಎಲ್ಲ ಸರಿಯಪ್ಪ, ಈ ಭಾಷೆ ಯಾರಿಗೆ ತಿಳಿಯುತ್ತೆ, ನಮ್ಮ ಟ್ವಿ ಭಾಷೆಯಲ್ಲಿ ಹಾಡಿಕೊಂಡು ಬಾ ಎಂದರು. ಟ್ವಿಯಲ್ಲಿ ಒಂದು ಹಾಡಿದ್ದಕ್ಕೆ ಊರವರು, ದಕ್ಷಿಣದವರ ಬಾಲ ಹಿಡಿದ ಎಂದು ಆಡಿಕೊಂಡರು. ಊರಿನ ಎಫ್‌ಎಂನಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವ ಫಾತಾವು, ನಿನ್ನ ಹಾಡನ್ನು ಹುಡುಗರ ಕಾರ್ಯಕ್ರಮಕ್ಕೆ ಹಾಕಲೋ ಮುದುಕರದಕ್ಕೆ ಹಾಕಲೋ ಎಂದು ನಕ್ಕು ಎರಡಕ್ಕೂ ಹಾಕಲಿಲ್ಲ. ಹೆಂಡತಿ ಸನಾತು ಎದುರಿಗೇ ಹೇಳುತ್ತಿದ್ದಳು: "ನಿನ್ ಹಾಡು ನಮ್ ಗಿನಿಕೋಳಿಗಳಿಗೆ ಬಾಯಿಪಾಠ ಆಗಿದೆ. ಇನ್ನು ಅವೇ ಟಿಕೇಟ್ ತಗೊಂಡು ಬರಬೇಕು." ವುಂಪಿನಿ ಹಲ್ಲು ಕಡಿದು ಅಂಗಡಿಗೆ ಹೊರಡುತ್ತಿದ್ದ. ಬೇರೇನು ಮಾಡಿಯಾನು?

ಅವನ ತಾಯಿ ಲುಂಗ ಬಾರಿಸುವವರ ಮನೆಯ ಮಗಳು. ಲುಂಗವೆಂದರೆ ಕಂಕುಳಲ್ಲಿ ಅವುಚಿ ಹಗ್ಗ ಹಿಂಡಿದರೆ ಮಾತಾಡುವ ಡೋಲು. ಆ ಮನೆಯ ಹೆಣ್ಣು ಹೆತ್ತ ಮಕ್ಕಳಲ್ಲಿ ಒಬ್ಬನಾದರೂ ಡೋಲಿಗೆ ಹಿಂತಿರುಗಬೇಕು. ವುಂಪಿನಿಯನ್ನೂ ಚಿಕ್ಕಂದಿನಲ್ಲಿ ಸೋದರಮಾವ ಅಬ್ಲಾಯಿಯ ಮನೆಗೆ ಕಳಿಸಿದ್ದರು. ಯಾರ ಮುತ್ತಾತ ಯಾರು, ಅವನ ಬಿರುದೇನು ಎಂದು ಮನೆಮನೆಯ ವಂಶವನ್ನು ಬಾಯಿಪಾಠ ಮಾಡಿಸಿದ ಮಾವ, ತಪ್ಪಿದಾಗೆಲ್ಲ ಕಿವಿ ಹಿಂಡುತ್ತಿದ್ದ. ಹುಡುಗ ಕೋಲು ಬಿಸಾಕಿ ಓಡಿಬಂದ. ಕಲಿತದ್ದು ಮಾತ್ರ ತಲೆಯಿಂದ ಹೋಗಲಿಲ್ಲ, ಆದರೆ ಡೋಲು ಹಿಡಿಯುವ ಕೈ ಅವನಿಗೆ ಬರಲೇ ಇಲ್ಲ.

ಹೀಗಿರುವಾಗ ಒಂದು ಉತ್ತರಕ್ರಿಯೆಯ ಮನೆಯಲ್ಲಿ ಮಾವ ಬಾರಿಸುವುದನ್ನು ಅವನು ಫೋನಿನಲ್ಲಿ ಹಿಡಿದುಕೊಂಡ. ಕಸಾಯಿಗಳ ಕೇರಿಯ ಹಿರಿಯ ಜಿಬಿಲಿಮ್‌ನ ವಂಶವನ್ನು ಕರೆಯುವ ವರಸೆ ಅದು. 'ಹಗ್ಗ ಬಿಚ್ಚಿದರೂ ಕದಲದ ಹೋರಿ' ಎಂದು ಅಜ್ಜನ ಬಿರುದಿನಿಂದ ಹಿಡಿದು, ಅಪ್ಪನ ಬಿರುದಿಗೆ ಇಳಿದು, ಕೊನೆಗೆ ಬದುಕಿರುವ ಜಿಬಿಲಿಮ್‌ನ ಹೆಸರಿಗೆ ಬಂದು ನಿಲ್ಲುತ್ತದೆ. ವುಂಪಿನಿಗೆ ಅಷ್ಟುದ್ದ ಬೇಕಿರಲಿಲ್ಲ. ಅಜ್ಜನ ಬಿರುದಿನ ತುಂಡೊಂದನ್ನು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ಸುತ್ತುವಂತೆ ಮಾಡಿ, ಮೇಲೆ ತನ್ನ ರ‍್ಯಾಪ್ ಕೂರಿಸಿದ. ತಾಳಕ್ಕೆ ಅಳೆದು ಹೊಲಿದ ಹಾಗೆ ಕೂತಿತು.

ಆ ಹಾಡು ಹತ್ತಿಕೊಂಡಿತು. ಹಳದಿ ಆಟೋಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಮದುವೆಗಳಲ್ಲಿ ಅದೇ. ಸನಾತು ಕೂಡ ಹಿಟ್ಟು ತೊಳಸುತ್ತ ಗುನುಗುತ್ತಿದ್ದಳು. ಇನ್ನೇನು, ಆಕ್ರಾದವರು ತಾವಾಗಿ ಫೋನ್ ಮಾಡುತ್ತಾರೆ ಎಂದು ವುಂಪಿನಿ ಕಾದ.

ಫೋನ್ ಬಂದದ್ದು ಮಾವನಿಂದ. ಯಾವುದೋ ಮದುವೆಯಲ್ಲಿ ಹಾಡು ಹಾಕಿದ್ದಾರೆ. ಜಿಬಿಲಿಮ್ ಅಜ್ಜ ಅಲ್ಲಿದ್ದಾನೆ. ವಂಶದ ಹೆಸರು ಕರೆದ ಮೇಲೆ ಕೂತಿರುವುದು ಉಂಟೇ? ಎದ್ದು, ಅಂಗಿಯ ನೆರಿಗೆ ಸರಿಮಾಡಿಕೊಂಡು, ಕುಣಿಯಲು ನಡುವೆ ಬಂದು ನಿಂತಿದ್ದಾನೆ. ಡೋಲು ಅವನ ಅಜ್ಜನನ್ನು ಕರೆಯಿತು. ಮತ್ತೆ ಅಜ್ಜನನ್ನೇ ಕರೆಯಿತು. ಅಪ್ಪನಿಗೆ ಬರಲಿಲ್ಲ, ಅವನ ಹೆಸರಿಗೆ ಬರಲೇ ಇಲ್ಲ. ಹೆಸರು ಬರದೆ ಹೆಜ್ಜೆ ಎತ್ತುವ ಹಾಗಿಲ್ಲ. ಬಾರಿಸುವವನ ಹಣೆಗೆ ಒತ್ತಬೇಕಾದ ನಾಣ್ಯ ಹಿಡಿದು ನೋಡುತ್ತಾನೆ, ಎದುರಿಗಿರುವುದು ಸ್ಪೀಕರ್ ಡಬ್ಬಿ. ಹಾಡು ಮುಗಿಯಿತು, ಹುಡುಗಿಯರು ಕಿಸಕ್ಕೆಂದರು, ಮುದುಕ ಹೇಗೆ ಬಂದನೋ ಹಾಗೇ ಹೋಗಿ ಕೂತ.

"ಕರೆದು ನಿಲ್ಲಿಸಿ ಬಾಗಿಲು ಹಾಕ್ಕೊಂಡೆಯಲ್ಲೋ ಅಳಿಯ," ಎಂದ ಮಾವ. "ಗೊತ್ತಿಲ್ದೋರು ಮಾಡಿದ್ರೆ ಬೇರೆ ಮಾತು. ನೀನು ನಮ್ಮನೇಲಿ ಕಲ್ತೋನು."

ವುಂಪಿನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಇಷ್ಟು ವರ್ಷ ಊರು ಕಿವಿ ಮುಚ್ಚಿಕೊಂಡಿತ್ತು. ಈಗ ಕಿವಿ ಕೊಟ್ಟಿತೋ ಇಲ್ಲವೋ, ತಪ್ಪು ಹಿಡಿಯಿತು. ಇದು ಹಾಡು ಮಾವ, ಹಾಡಿಗೆ ಹಾಡಿನ ಲೆಕ್ಕ ಎಂದು ವಾದಿಸಿದ. ಮಾವ ಫೋನ್ ಇಟ್ಟುಬಿಟ್ಟ.

ಕೊನೆಗೆ ಹಿರಿಯರಿಗೆ ಅಡಿಕೆಯಂತೆ ಕೊಡುವ ಕೋಲಾ ಕಾಯಿ ಕಟ್ಟಿಕೊಂಡು ಮಾವನ ಜೊತೆ ಕಸಾಯಿ ಕೇರಿಗೆ ಹೋದ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ತಪ್ಪಾಯಿತು ಎಂದ. ಜಿಬಿಲಿಮ್ ಅಜ್ಜ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಒಂದು ಕಾಯಿ ಕಚ್ಚಿ, ಅಗಿದು, ನಿಧಾನಕ್ಕೆ ಹೇಳಿದ: "ನಮ್ ತಾತನ್ನ ಬೀದಿಬೀದೀಲಿ ನಿಲ್ಸಿದೀಯ. ಮನೇವರ್ಗೂ ಕರ್ಕೊಂಡ್ ಬಾ. ಇಲ್ವಾ, ಹಾಡು ತೆಗೆದ್ಬಿಡು."

ತೆಗೆಯುವುದೆಂದರೆ? ಇದ್ದದ್ದೇ ಆ ಒಂದು ಹಾಡು. ಹಾಗಾಗಿ ಮಾವನನ್ನು ಹಾಸಿಗೆ ಬಡಿದ ಕೋಣೆಗೆ ಕರೆತಂದ. ಸೆಕೆಗೆ ಶಪಿಸುತ್ತ ಮಾವ ಅಜ್ಜನಿಂದ ಜಿಬಿಲಿಮ್‌ವರೆಗೆ ಪೂರ್ತಿ ಬಾರಿಸಿದ. ಹಾಡಿಗೆ ಉದ್ದನೆಯ ಬಾಲ ಬಂತು. ಫಾತಾವು ಮುಖ ಸಿಂಡರಿಸಿದ, ಇಷ್ಟುದ್ದ ಯಾರು ಕೇಳುತ್ತಾರೆ ಎಂದ. ವುಂಪಿನಿ ಅವನ ಕೈಕಾಲು ಹಿಡಿದು ಒಪ್ಪಿಸಿದ.

ಹಾಕುತ್ತೇನೆಂದ ಶುಕ್ರವಾರ ಬೆಳಗ್ಗೆ ಜಿಬಿಲಿಮ್ ಅಜ್ಜ ಒಳ್ಳೇ ಅಂಗಿ ತೊಟ್ಟು, ಮನೆ ಮುಂದೆ ಸ್ಟೂಲಿನ ಮೇಲೆ ರೇಡಿಯೋ ಇಡಿಸಿದ್ದ. ಕೇರಿಯೆಲ್ಲ ಸೇರಿತ್ತು. ಮಾವನೂ ವುಂಪಿನಿಯೂ ಒಂದು ಬದಿಗೆ ಕೂತರು. ಹಾಡು ಶುರುವಾಯಿತು, ರ‍್ಯಾಪ್ ಮುಗಿಯಿತು, ಡೋಲು ಒಂದೇ ಉಳಿಯಿತು. 'ಹಗ್ಗ ಬಿಚ್ಚಿದರೂ ಕದಲದ ಹೋರಿ' ಎಂದು ಅಜ್ಜನ ಬಿರುದು ಬಂತು. ಜಿಬಿಲಿಮ್ ಎದ್ದ. 'ಬರದಲ್ಲೂ ಪಾಲು ಹಂಚಿದವ' ಎಂದು ಅಪ್ಪನ ಬಿರುದು ಬಂತು. ಜಿಬಿಲಿಮ್ ನಡುವೆ ಬಂದು ನಿಂತ. ಅಷ್ಟರಲ್ಲಿ ಫಾತಾವು ಬಾಯಿ ಹಾಕಿ, ಆಹಾ ಎಂಥ ಹಾಡು ಎಂದವನೇ ಸಿಮೆಂಟಿನ ಜಾಹೀರಾತು ಬಿಟ್ಟ.

ಮುದುಕ ಎರಡನೇ ಸಲ, ಅದೂ ತನ್ನ ಮನೆ ಮುಂದೆಯೇ, ಹಾಗೇ ನಿಂತಿದ್ದ. ಮಾವನ ಡೋಲು ಮನೆಯಲ್ಲಿತ್ತು. ವುಂಪಿನಿಗೆ ಆ ಫಾತಾವುವಿನ ಹಲ್ಲು ಉದುರಿಸಬೇಕೆನ್ನಿಸಿತು. ಆದರೆ ಹಲ್ಲು ಉದುರಿಸಿದರೆ ಹೆಸರು ಬರುವುದಿಲ್ಲವಲ್ಲ. ಅವನು ಎದ್ದು ನಿಂತು, ಎರಡು ಅಂಗೈ ತಟ್ಟಿ ತಾಳ ಹಿಡಿದ. ಬಾಯಿಂದಲೇ, ರ‍್ಯಾಪಿನ ಓಟದಲ್ಲೇ, ಕಿವಿ ಹಿಂಡಿಸಿಕೊಂಡು ಕಲಿತದ್ದನ್ನೆಲ್ಲ ಸುರಿದ. ಹೋರಿಯ ಮೊಮ್ಮಗ, ಪಾಲು ಹಂಚಿದವನ ಮಗ, ಜಿಬಿಲಿಮ್, ಜಿಬಿಲಿಮ್.

ಮುದುಕ ಕುಣಿದ. ಅಂಗಿಯ ನೆರಿಗೆ ಛತ್ರಿಯ ಹಾಗೆ ಅರಳಿತು. ಹೆಂಗಸರು ಉಲುಲು ಕೂಗಿದರು. ಕುಣಿದು ಬೆವತು ಬಂದು ಅವನು ವುಂಪಿನಿಯ ಹಣೆಗೆ ಒಂದು ಸೆಡಿ ನಾಣ್ಯ ಒತ್ತಿದ. ಮಾವ ಬೇರೆ ಕಡೆ ಮುಖ ತಿರುಗಿಸಿ ಮೂಗು ಸೀಟಿಕೊಂಡ.

"ಆ ಡಬ್ಬೀನ ನಂಬ್ಬೇಡ," ಎಂದ ಜಿಬಿಲಿಮ್. "ಹಾಡು ಇರ‍್ಲಿ. ಅದು ಎಲ್ಲಿ ನಿಂತ್ರೂ ನೀನು ಮುಗ್ಸು."

ಒಳ್ಳೆಯ ತೀರ್ಪು! ಆಮೇಲೆ ಆ ಹಾಡು ಎಲ್ಲಿ ಕೇಳಿದರೂ ವುಂಪಿನಿ ಓಡಬೇಕು. ಕರೆಯದ ಮದುವೆಗಳಿಗೂ ಹೋದ, ಊಟಕ್ಕೆ ಬಂದವನೆಂದು ಜನ ಮೂತಿ ತಿರುವಿದರು. ಆಕ್ರಾದಿಂದ ಕೊನೆಗೂ ಫೋನ್ ಬಂತು, ಬಾಲ ಕತ್ತರಿಸಿ ಕೊಟ್ಟರೆ ತೆಗೆದುಕೊಳ್ಳುತ್ತೇವೆ ಎಂದರು. ಅವನು ಕೊಡಲಿಲ್ಲ. ಆ ವಾರವೆಲ್ಲ ಸನಾತು ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು.

ಹರ್ಮಾಟಾನ್ ಧೂಳುಗಾಳಿಯ ತಿಂಗಳಲ್ಲಿ ಜಿಬಿಲಿಮ್ ಅಜ್ಜ ತೀರಿಕೊಂಡ. ಕೆಲವು ದಿನ ಕಳೆದು ವುಂಪಿನಿ ಆಟೋದಲ್ಲಿ ಅಂಗಡಿಗೆ ಹೋಗುತ್ತಿದ್ದಾಗ, ಚಾಲಕನ ರೇಡಿಯೋದಲ್ಲಿ ಫಾತಾವು, ಹಿರಿಯರಿಗೆ ಗೌರವ ಎನ್ನುತ್ತ ಆ ಹಾಡು ಹಾಕಿದ. ಹೋರಿಯ ಬಿರುದು ಬಂತು, ಪಾಲು ಹಂಚಿದವನದು ಬಂತು. ವುಂಪಿನಿ ಬಾಯಿ ತೆರೆದು ತಯಾರಾದ. ಫಾತಾವು ಕೆಮ್ಮಲೂ ಇಲ್ಲ, ಸಿಮೆಂಟೂ ಬರಲಿಲ್ಲ. ಮಾವನ ಡೋಲು ಜಿಬಿಲಿಮ್ ಎಂದು ಮೊದಲ ಬಾರಿ ಊರಿಗೆಲ್ಲ ಕೇಳುವ ಹಾಗೆ ಕರೆದು ನಿಂತಿತು.

ಇಷ್ಟು ದಿನ ಕಾದದ್ದು ಅದಕ್ಕೇ. ಆದರೂ ಬದುಕಿರುವವನ ಹೆಸರಿಗೆ ಬಾರದೆ ಕರೆ ಮತ್ತೆ ಅರ್ಧಕ್ಕೇ ನಿಂತಿತ್ತು. ಜಿಬಿಲಿಮ್ ಈಗ ಅಪ್ಪಂದಿರ ಸಾಲಿಗೆ ಸೇರಿದ್ದ. ಕೇರಿಯಲ್ಲಿ ಮಾಂಸ ಕಡಿಯುತ್ತ ಅವನ ಮಗ ಸುಹುಯಿನಿ ಇದೇ ರೇಡಿಯೋ ಕೇಳುತ್ತಿರಬಹುದು, ಕತ್ತಿ ಕೆಳಗಿಟ್ಟು ಎದ್ದು ನಿಂತಿರಬಹುದು.

ವುಂಪಿನಿ ತೊಡೆಯ ಮೇಲೆ ತಾಳ ಹಿಡಿದು ಬಾಯಿ ಬಿಟ್ಟು ಕರೆದ: ಜಿಬಿಲಿಮ್‌ನ ಮಗ, ಸುಹುಯಿನಿ, ಸುಹುಯಿನಿ.

ಚಾಲಕ ಕನ್ನಡಿಯಲ್ಲಿ ನೋಡಿದ. "ಅಣ್ಣಾ, ಹಾಡು ಮುಗೀತಲ್ಲ."

"ಎಲ್ಲಿ ಮುಗೀತು," ಎಂದ ವುಂಪಿನಿ. "ಕಸಾಯಿ ಕೇರಿ ಕಡೆ ತಿರುಗಿಸು."