ಸುತ್ತಿಗೆ ಗುರುತಿಲ್ಲದ ತಾಮ್ರ

ನನಗೆ ಅರುಳುಮರುಳು ಅಂತ ಈ ವಾಟ್ಸಾಪ್ ಗುಂಪಲ್ಲಿ ಹಲ್ಲು ಕಿಸಿಯೋರೆಲ್ಲ ಸ್ವಲ್ಪ ಬಾಯಿ ಮುಚ್ಕೊಂಡು ಕೇಳಿ. ನಿನ್ನೆ ಏನು ತಿಂದೆ ಅನ್ನೋದು ಮರ್ತಿರ್ಬಹುದು. ತಾಮ್ರ ಬಡಿಯೋ ಎವೊದಿಯೊ ಪುರೆಕೊನ ಕುಲುಮೆ ಮುಂದೆ ಕೂತು ಕಣ್ಣಾರೆ ಕಂಡಿದ್ದನ್ನ ಮರೆಯೋ ಗಿರಾಕಿ ಅಲ್ಲ ನಾನು.

ನಮ್ಮ ತಾಮ್ರಗಾರರ ಊರು ಸಾಂತಾ ಕ್ಲಾರಾ ಇನ್ನೂ ಕಣ್ಣು ಬಿಟ್ಟಿಲ್ಲ, ಎವೊದಿಯೊ ಆಗ್ಲೇ ತಿದಿ ಒತ್ತುತ್ತಾ ಇದಾನೆ. ಹಳೇ ಕರೆಂಟು ತಂತಿ ಕರಗಿಸಿ ಹುಯ್ದ ತಾಮ್ರದ ಗಟ್ಟಿ ಕೆಂಡದೊಳಗೆ ಕೆಂಪಗೆ ಕೂತಿದೆ. ಕೈ ಎತ್ತಿದ್ರೆ ಭುಜ ಕಟಕ್ ಅನ್ನುತ್ತೆ. "ಸುತ್ತಿಗೆ ಭಾರ ಇಲ್ಲ ಕಣಯ್ಯ, ಕೈಯೇ ಭಾರ" ಅಂತಾನೆ. ಮೊದ್ಲು ಗಟ್ಟಿ ಸುತ್ತ ಗುಂಪಾಗಿ ನಿಂತು ಸರದಿ ಮೇಲೆ ಬಡೀತಿದ್ರು. ಈಗ ಉಳಿದಿರೋದು ಅವನು, ಜೊತೆಗೆ ಕೆಮ್ಮೋ ತೆಯೊಫಿಲೊ. ಇಬ್ಬರೂ ದಿನವಿಡೀ ಬಡಿದ್ರೂ ಒಂದು ಹಂಡೆ ಮುಗಿಯಲ್ಲ.

ಈ ಸಲ ಹಂಡೆ ಅಲ್ಲ. ಎವೊದಿಯೊಗೆ ತಂಗಿ ಮಗಳು ಯಾದಿರಾ ಇದಾಳಲ್ಲ, ಊರೋರ ಮದುವೆ, ಹುಡುಗೀರಿಗೆ ಹದಿನೈದು ತುಂಬಿದ ಹಬ್ಬ, ಇಂಥದ್ದರ ವಿಡಿಯೋ ಮಾಡ್ಕೊಡೋಳು. ಅವಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಹಳೇದು. ಅದರ ವೇಗ ಏರಿಸಿ, ಮುದಿ ಕತ್ತೆ ಮೇಲೆ ಎರಡು ಕತ್ತೆ ಹೊರೆ ಹೇರಿದ ಹಾಗೆ ದುಡಿಸ್ತಾಳೆ. ಕಾರ್ಡು ಕಾದು ಕಾದು ಪರದೆ ಕಪ್ಪಾಗೋಕೆ ಶುರುವಾಯ್ತು.

"ಮಾವ, ಬಿಸಿ ಎಳ್ಕೊಳ್ಳೋಕೆ ತಾಮ್ರದ್ದೊಂದು ಮಾಡ್ಕೊಡು. ದಪ್ಪ ಹಲಗೆ, ಮೇಲೆ ಬಾಚಣಿಗೆ ಹಲ್ಲಿನ ಹಾಗೆ ತೆಳು ತಗಡು. ಈ ಕಾರ್ಡು ಸತ್ರೆ ನನ್ನಂಗಡಿ ಬಾಗ್ಲು ಹಾಕಿದ ಹಾಗೇನೆ."

"ಇಷ್ಟೇನಾ? ಗೊಂಬೆ ಆಟದ ಪಾತ್ರೆ ಕಣೇ ಇದು!"

ಮಾಡ್ದ. ತಗಡು ಕತ್ತರಿಸಿ ಬೆಸುಗೆ ಹಾಕ್ದ. ಆಮೇಲೆ ಕೈ ಸುಮ್ನಿರ್ಬೇಕಲ್ಲ! ಹಲಗೆಯ ತಳದ ತುಂಬಾ ಮೀನಿನ ಪೊರೆ ಹಾಗೆ ಸಾಲುಸಾಲಾಗಿ ಸುತ್ತಿಗೆ ಗುರುತು ಹೊಡೆದ. ನಮ್ಮೂರಲ್ಲಿ ಆ ಗುರುತಿಲ್ದಿದ್ರೆ ಯಂತ್ರದಲ್ಲಿ ಮಾಡಿದ್ದು ಅಂತ ಆಚೆ ತಳ್ತಾರೆ.

ಯಾದಿರಾ ಬಿಸಿ ದಾಟಿಸೋ ಅಂಟು ಸವರಿ, ಸ್ಕ್ರೂ ಬಿಗಿದು, ಕಂಪ್ಯೂಟರ್ ಹಚ್ಚಿದ್ಲು. ಲೋಟದ ಅತೋಲೆ ಗಂಜಿ ಅರ್ಧ ಕುಡಿಯೋ ಅಷ್ಟರಲ್ಲಿ ಪರದೆ ಕಪ್ಪು. ಜೊತೆಗೆ ಸುಟ್ಟ ವಾಸನೆ ಬೇರೆ. ಬಿಚ್ಚಿ ನೋಡಿದ್ರೆ ಅಂಟು ಅಲ್ಲಲ್ಲಿ ಚುಕ್ಕಿ ಚುಕ್ಕಿ.

"ಮಾವ, ಇದು ಕಾರ್ಡಿನ ಚಿಪ್‌ಗೆ ಸರಿಯಾಗಿ ತಾಗ್ತಾನೇ ಇಲ್ಲ. ಗುಂಡಿಗಳಲ್ಲಿ ಬರೀ ಗಾಳಿ. ತಳ ಕನ್ನಡಿ ಹಾಗೆ ಸಪಾಟಾಗಿರ್ಬೇಕು."

"ಗುರುತು ಅಳಿಸು ಅಂತೀಯಾ? ನನ್ ಕೈಯಿಂದ ಅಂಗಡಿ ಮಾಲು ಮಾಡಿಸ್ತೀಯಾ?"

"ಅಳಿಸೋ ಮಾರಾಯ," ತೆಯೊಫಿಲೊ ಕಿಸಕ್ಕಂದ. "ನಿನ್ನ ಕುಸುರಿ ನೋಡೋಕೆ ಆ ಕಾರ್ಡಿಗೆ ಕಣ್ಣಿದ್ಯಾ?"

"ನೀನು ನಿನ್ನ ಕೆಮ್ಮು ನೋಡ್ಕೋ!"

ಯಾದಿರಾ ನಗ್ಲಿಲ್ಲ. "ಕಾರ್ಡಿಗೆ ಇನ್ನೂ ಜೀವ ಇದೆ ಮಾವ. ಇನ್ನೊಂದು ಸಲ ಹೀಗಾದ್ರೆ ಉಳಿಯಲ್ಲ."

ಎವೊದಿಯೊ ತಳದ ಗುರುತುಗಳ ಮೇಲೆ ಒಂದ್ಸಲ ಬೆರಳಾಡಿಸಿದ. ಆಮೇಲೆ ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ನೀರು ಚಿಮುಕಿಸಿ, ಉಜ್ಜೋಕೆ ಕೂತ. ಬಡಿಯೋದಾದ್ರೆ ಏಟಿನ ಮಧ್ಯೆ ಕೈಗೊಂದು ಉಸಿರು ಸಿಗುತ್ತೆ, ಉಜ್ಜೋದಕ್ಕೆ ಅದೂ ಇಲ್ಲ. ಒಂದೊಂದೇ ಸಾಲು ಅಳಿಸಿ ಹೋಯ್ತು. ತೆಯೊಫಿಲೊ ತಿನ್ನೋಕೆ ಜೋಳದ ಕೊರುಂದ ಕಡುಬು ತಂದಿಟ್ರೆ ಮುಟ್ಲಿಲ್ಲ, ಬೆರಳು ಮಡಚೋಕೆ ಆಗ್ತಿರ್ಲಿಲ್ಲ.

ಹೊತ್ತು ಇಳಿಯೋವಾಗ ಹಲಗೇನ ಮತ್ತೆ ಕಾರ್ಡಿಗೆ ಕೂರಿಸಿದ್ರು. ಪರದೆ ಮೇಲೆ ಹದಿನೈದರ ಹಬ್ಬದ ಗುಲಾಬಿ ಗೌನಿನ ಹುಡುಗಿ ತಿರುಗಿದ್ಲು, ಮತ್ತೆ ತಿರುಗಿದ್ಲು. ನಿಲ್ಲಲೇ ಇಲ್ಲ. ಯಾದಿರಾ ತಾಮ್ರದ ಮೇಲೆ ಕೈಯಿಟ್ಟು, "ಬರೀ ಬೆಚ್ಚಗಿದೆ ಮಾವ!" ಅಂದ್ಲು. "ಮೇಲ್ಗಡೆ ಎಲ್ಲಾದ್ರೂ ನಿನ್ನ ಗುರುತು ಹೊಡಿ."

"ಬೇಡ. ಮುಚ್ಚಳ ಹಾಕು. ಇನ್ನೊಂದು ಬೇಕು ಅಂತ ಮಾತ್ರ ಬರ್ಬೇಡ, ಭುಜ ಹೋಗಿದೆ." ಹೊಸ್ತಿಲ ತನಕ ಹೋಗಿ ನಿಂತ. "ಅಷ್ಟು ಸಪಾಟಾಗಿ ನಾನು ಯಾವತ್ತೂ ಮಾಡಿರ್ಲಿಲ್ಲ ಕಣೇ."

ಆ ಕಂಪ್ಯೂಟರ್ ಡಬ್ಬಿ ಬಿಚ್ಚಿ ಅವನ ಕೈಕೆಲಸ ಯಾರೂ ನೋಡಲ್ಲ. ಅದಕ್ಕೇ ಇದನ್ನ ನಾಲ್ಕು ಜನಕ್ಕೆ ಕಳಿಸ್ರಪ್ಪಾ. ಎವೊದಿಯೊಗೆ ಮಾತ್ರ ಬೇಡ, ಪಾಪ ಮಲಗಿರ್ತಾನೆ.