ಉಳ್ಳಾಗಡ್ಡಿ ಗುದ್ದಿದ ಕೈ

ದೇವದುರ್ಗದ ನಮ್ಮ ಮನೆಯಲ್ಲಿ ಜಂಬಕ್ಕೆ ಮಿರ್ಚಿ ಕರಿಯಲು ಹೋಗಿ ಬಲಗೈ ಹಿಂಬದಿಗೆ ಕಾದ ಎಣ್ಣೆ ಸಿಡಿಸಿಕೊಂಡೆ. ಗಾಯ ಮಾಯಿತು. ಆದರೆ ಕಲೆಯ ಚರ್ಮ ಬಿಗಿದುಕೊಂಡು ಬೆರಳು ಮಡಚುವುದೇ ನಿಂತಿತು. ರೊಟ್ಟಿಗೆ ಉಳ್ಳಾಗಡ್ಡಿಯನ್ನು ಚಾಕುವಿನಿಂದ ಕೊಯ್ಯಿಸಿಕೊಂಡು ತಿನ್ನುವ ಗತಿ ಬಂತು. ಮುಷ್ಟಿಯಿಂದ ಗುದ್ದಿ ಒಡೆಯದ ಉಳ್ಳಾಗಡ್ಡಿಗೆ ರುಚಿ ಎಲ್ಲಿಯದು?

ಕೊನೆಗೆ ಗಂಡ ಹೆಂಡತಿ ರಾಯಚೂರಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಫಿಜಿಯೋಥೆರಪಿ ಮೇಡಂ ಮಾನ್ವಿ ಊರಿನವರು. ಕಲೆಗೆ ಕ್ರೀಮು ಹಚ್ಚಿ ದಿನಾ ತೀಡುವುದನ್ನು ನನ್ನ ಹೆಂಡತಿಗೆ ತೋರಿಸಿದರು. ತೋರಿಸಿದ್ದೇ ತಡ, ಇವಳು ಅಂಗೈ ಊರಿ ಜೋಳದ ಹಿಟ್ಟು ನಾದಿದಂತೆ ನನ್ನ ಕೈ ನಾದತೊಡಗಿದಳು. ನಾನು ಕಿರುಚಿದ್ದಕ್ಕೆ ಹೊರಗೆ ಸರದಿಯಲ್ಲಿ ಕೂತಿದ್ದವರೊಬ್ಬರು ಎದ್ದೇ ಹೋದರು.

“ಅಕ್ಕಾರ, ಇದು ಹಿಟ್ಟಲ್ರೀ,” ಎಂದರು ಮೇಡಂ. “ಬೆರಳಿಲೆ ಸಣ್ಣಗ ಸುತ್ತ ತಿರುವ್ರಿ. ಚರ್ಮ ಒಂಚೂರು ಬೆಳ್ಳಗಾದ್ರ ಸಾಕು, ನೋವಾಗಬಾರದು.”

ಅವತ್ತಿನಿಂದ ದಿನಾ ಸಂಜೆ ಹೆಂಡತಿ ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕೂಸಿನ ನೆತ್ತಿಗೆ ಎಣ್ಣೆ ಹಚ್ಚಿದಂತೆ ತೀಡತೊಡಗಿದಳು. ಅವಳ ಕೈ ಇಷ್ಟು ಮೆತ್ತಗಿದೆ ಎಂದು ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಗೊತ್ತಾಯಿತು. ತಿಂಗಳುಗಳು ಕಳೆದು ಮುಷ್ಟಿ ಬಿಗಿಯಲು ಬಂದ ದಿನ ನಾನು ಆ ಸುದ್ದಿ ಹೇಳಲೇ ಇಲ್ಲ. ಹೇಳಿದರೆ ಈ ಸುಖ ತಪ್ಪೀತಲ್ಲ!

ವಾರದ ಮೇಲೆ ಒಂದು ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿಪಲ್ಯದ ತಾಟು ಮುಂದೆ ಬಂತು. ಮೈಮರೆತು ಬಲಗೈಯಿಂದಲೇ ಉಳ್ಳಾಗಡ್ಡಿಯನ್ನು ಗುದ್ದಿದೆ. ಅದು ನಾಲ್ಕು ಹೋಳಾಯಿತು. ಹೆಂಡತಿ ಹೋಳುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಸಂಜೀಕ ತೀಡ್ತೀನಿ, ಬರ್ರಿ. ಆದ್ರ ಮೊದಲ ಹಿಟ್ಟ ನಾದ್ರಿ.”